ಇನ್ನೊಂದು ಸಲ ಅಳಿ ಅಕ್ಕಾ, ಕಾರ್ಡ್ ಹಾಕಿರಲಿಲ್ಲ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪರದೇಶ ನೋಡದೆ ಉಳಿದವಳು ನಾನೊಬ್ಬಳೇ. ಗಣಿತದ ಮೇಡಂ ಸಿಂಗಾಪುರಕ್ಕೆ ಹೋಗಿ ಬಂದು, ಅಲ್ಲಿ ರಸ್ತೆಯಲ್ಲಿ ಉಗುಳುವಂತಿಲ್ಲ ಎಂಬ ಒಂದೇ ಸುದ್ದಿಯನ್ನು ಇಡೀ ವರ್ಷ ಬಡಿಸಿದರು. ಡ್ರಿಲ್ ಮಾಸ್ತರರು ದುಬೈಯಿಂದ ಖರ್ಜೂರ ತಂದು ಹಂಚಿದರು, ತಲೆಗೆ ಒಂದೊಂದು. ನಾನು ಹುಬ್ಬಳ್ಳಿಯಿಂದ ಹೈದರಾಬಾದಿಗೆ ಹೋಗಿ ಬಂದೆ. ಇದನ್ನೂ ಪರದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ, ನಿಜ. ಆದರೆ ಎಂಟು ವರ್ಷ ಮಾತು ಬಿಟ್ಟ ತಂಗಿ ಇರುವ ಊರಿಗಿಂತ ಸಿಂಗಾಪುರ ಹತ್ತಿರ.

ತಂಗಿಯ ಹೆಸರು ಶಾರದಾ, ನಮಗೆ ಶಾರಿ. ನನ್ನ ಮಗಳ ಮದುವೆಗೆ ಅವಳು ಬರಲಿಲ್ಲ. ಸ್ವಂತ ಚಿಕ್ಕಮ್ಮ! ತಾರೀಖು ಗೊತ್ತಾದ ದಿನವೇ ಫೋನಿನಲ್ಲಿ ಹೇಳಿದ್ದೆ. ಆದರೆ ನಮ್ಮ ಕಡೆ ಫೋನಿನಲ್ಲಿ ಹೇಳಿದರೆ ಕರೆದ ಹಾಗಲ್ಲ. ಲಗ್ನಪತ್ರಿಕೆ ಹಿಡಿದು ಮನೆತನಕ ಹೋಗಿ, ಕುಂಕುಮ ಕೊಟ್ಟು, ಕೂತು ಚಹಾ ಕುಡಿದು, ಬಾಯಿತುಂಬ ಕರೆಯಬೇಕು. ಮದುವೆ ಮನೆ ಬಿಟ್ಟು ನಾನು ಏಳುವಂತಿರಲಿಲ್ಲ. ನಮ್ಮ ಮನೆಯವರನ್ನು ಹೈದರಾಬಾದಿಗೆ ಕಳಿಸಿದೆ. ಅವರು ಹೋಗಿ ಬಂದು, "ಕರದ ಬಂದೀನಿ. ಬರ್ತಾಳ" ಎಂದು ಹೇಳಿ ಸ್ನಾನಕ್ಕೆ ಹೋದರು.

ಅಕ್ಷತೆ ಬೀಳುವ ಹೊತ್ತಿಗೂ ನಾನು ಕಲ್ಯಾಣ ಮಂಟಪದ ಬಾಗಿಲನ್ನೇ ನೋಡುತ್ತಿದ್ದೆ. ಬಂದದ್ದು ಐಸ್‌ಕ್ರೀಮಿನವನು. ಆಮೇಲೆ ನಾನು ಫೋನ್ ಮಾಡಲಿಲ್ಲ. ಬರದವಳು ಅವಳು, ನಾನ್ಯಾಕೆ ಮಾಡಲಿ? ಅವಳೂ ಮಾಡಲಿಲ್ಲ. ಹೀಗೆ ಇಬ್ಬರೂ ಕೂಡಿ ಬಹಳ ಶಿಸ್ತಿನಿಂದ ಎಂಟು ವರ್ಷ ಕಳೆದೆವು.

ಈ ಶಿಸ್ತು ಕೆಡಿಸಿದವರು ಶಾರಿಯ ಗಂಡ ಪ್ರಸನ್ನ. ಮೈಸೂರಿನವರು, ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಕೆಲಸ ಯಾಕೆ ಇನ್ನೂ ಮುಗಿದಿಲ್ಲ ಎಂದು ಹೊರದೇಶದವರಿಗೆ ಫೋನಿನಲ್ಲಿ ತಿಳಿಸಿ ಹೇಳುವುದು ಅವರ ಕೆಲಸ. ಒಂದು ದಿನ ನನಗೆ ಫೋನ್ ಮಾಡಿ, "ಅಕ್ಕಾ, ಶಾರದಾ ನಿಮ್ಮನ್ನ ನೆನೆಸ್ಕೊಂಡು ದಿನಾ ಅಳ್ತಾಳೆ. ದಸರಾ ರಜಕ್ಕೆ ಬಂದ್ಬಿಡಿ" ಎಂದರು. ನಾನು ಕೂಡಲೇ ಹೂಂ ಎಂದುಬಿಟ್ಟೆ. ಅದೇ ದಿನ ಅವಳಿಗೆ, "ನಿಮ್ಮಕ್ಕ ಫೋನಲ್ಲಿ ಅತ್ತೇಬಿಟ್ರು" ಎಂದಿದ್ದರಂತೆ. ಇಬ್ಬರೂ ಅತ್ತಿರಲಿಲ್ಲ. ಇದನ್ನು ಅವರ ಕಂಪನಿಯಲ್ಲಿ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ.

ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದರು. "ಹೊಸ ವಿಡಿಯೋ ಕ್ಯಾಮೆರಾ ತಗೊಂಡಿದೀನಿ ಅಕ್ಕಾ. ಟೇಪೇ ಇಲ್ಲ! ಎಲ್ಲಾ ಒಂದು ಮೆಮೊರಿ ಕಾರ್ಡಲ್ಲಿ ಕೂತ್ಕೊಳುತ್ತೆ, ಅಂಚೆ ಚೀಟಿಯಷ್ಟಿದೆ ನೋಡಿ. ನೀವು ಅಕ್ಕ ತಂಗಿ ಸೇರೋದನ್ನ ನಾನೇ ಶೂಟ್ ಮಾಡ್ತೀನಿ."

ನಮ್ಮ ಮನೆಯವರು ಮಾತ್ರ, "ನೀ ಒಬ್ಬಾಕಿನೇ ಹೋಗಿ ಬಾ. ಅಕ್ಕ ತಂಗಿ ನಡುವ ನಾ ಯಾಕ?" ಎಂದರು. ಎಷ್ಟು ಸೂಕ್ಷ್ಮ ಮನಸ್ಸಿನ ಗಂಡ ಎಂದು ಹೆಮ್ಮೆಪಟ್ಟು, ಎಳೆದುಕೊಂಡು ಹೋದೆ.

ಸಿಕಂದರಾಬಾದ್ ಸ್ಟೇಷನ್

ಸ್ಟೇಷನ್ನಿಗೆ ಯಾರೂ ಬಂದಿರಲಿಲ್ಲ. ಪ್ರಸನ್ನ ಮೊದಲೇ ಹೇಳಿದ್ದರು, "ನೀವು ಆಟೋದಲ್ಲಿ ಬನ್ನಿ ಅಕ್ಕಾ, ನಾನು ಗೇಟಲ್ಲಿ ಕ್ಯಾಮೆರಾ ಹಿಡಿದಿರ್ತೀನಿ. ಆಗ ನ್ಯಾಚುರಲ್ ಆಗಿರುತ್ತೆ." ಎರಡು ಸೂಟ್‌ಕೇಸು, ಒಂದು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿ ಹೊತ್ತು ನಾವು ನ್ಯಾಚುರಲ್ಲಾಗಿ ಹೊರಗೆ ಬಂದೆವು.

ಈ ಊರಿನ ಆಟೋದವರ ಮರ್ಯಾದೆಯನ್ನು ಹೊಗಳಲೇಬೇಕು. ಹುಬ್ಬಳ್ಳಿಯಲ್ಲಿ ಆಟೋದವನಿಗೆ ದಾರಿ ಗೊತ್ತಿಲ್ಲದಿದ್ದರೆ "ಗೊತ್ತಿಲ್ರೀ" ಅನ್ನುತ್ತಾನೆ. ಇಲ್ಲಿಯವನು ಹಾಗೆ ನಮ್ಮ ಮನಸ್ಸು ನೋಯಿಸುವುದಿಲ್ಲ. ಅಪಾರ್ಟ್‌ಮೆಂಟಿನ ಹೆಸರು ಹೇಳಿದೆ. "ಪರೇಶಾನ್ ನಕ್ಕೋ ಹೋ ಅಮ್ಮಾ, ಪಾಂಚ್ ಮಿನಿಟ್" ಎಂದ, ಚಿಂತೆ ಬೇಡ, ಐದೇ ನಿಮಿಷ. ಐದು ನಿಮಿಷವಾದ ಮೇಲೆ ಕೇಳಿದೆ. "ಪಾಂಚ್ ಮಿನಿಟ್" ಎಂದ. ಶಾರಿಯ ಮನೆಯಿರುವ ತಾರ್ನಾಕದ ಒಂದೇ ಮರವನ್ನು ಮೂರು ಸಲ ನೋಡಿದ ಮೇಲೂ ಅವನ ಗಡಿಯಾರದಲ್ಲಿ ಐದೇ ನಿಮಿಷ ಉಳಿದಿತ್ತು.

ಹಿಂದೊಮ್ಮೆ ಬಂದಿದ್ದ ನಮ್ಮ ಮನೆಯವರು ದಾರಿ ನೆನಪಿಲ್ಲ ಎಂದರು. ಕಡೆಗೆ ನಾನೇ ಇಳಿದೆ. ಒಂದು ಕಟ್ಟಡ ಏಳುತ್ತಿತ್ತು. ಉಸುಕು ಹೊರುತ್ತಿದ್ದ ಹೆಣ್ಣುಮಗಳನ್ನು ನನ್ನ ಶುದ್ಧ ಶಾಲೆಯ ಹಿಂದಿಯಲ್ಲಿ ದಾರಿ ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದವಳ ಕಡೆ ತಿರುಗಿ, "ಏನ ಕೇಳಾಕತ್ಯಾಳ ಈಕಿ?" ಎಂದಳು.

"ಯವ್ವಾ, ಕನ್ನಡದಾಕಿ ಏನ ನೀ?" ಎಂದು ಹೆಚ್ಚುಕಡಿಮೆ ಕೂಗಿಬಿಟ್ಟೆ.

"ಹೂಂನ್ರಿ ಯಕ್ಕಾ, ಯಾದಗಿರಿ ಕಡೆದವ್ರು. ಮೊದ್ಲೇ ಹಿಂಗ ಕೇಳಬಾರ್ದೇನ್ರಿ?" ಎಂದು ನಕ್ಕಳು. ಗೇಟಿನಲ್ಲಿ ಕ್ಯಾಮೆರಾ ಹಿಡಿದು ನಿಂತವರ ಮನೆ ಎಂದೆ. ಬುಟ್ಟಿ ಇಳಿಸದೆ ಗದ್ದದಲ್ಲೇ ತೋರಿಸಿದಳು. "ಅಲ್ಲಿ ಒಬ್ಬಾಂವ ಮುಖಕ್ಕ ಡಬ್ಬಿ ಹಿಡಕೊಂಡು ಮುಂಜಾನಿಂದ ನಿಂತಾನ ನೋಡ್ರಿ. ಅದೇ ಇರಬೇಕು."

ಅದೇ ಆಗಿತ್ತು.

ತಾರ್ನಾಕ, ಮೂರನೆಯ ಮಹಡಿ

ಪ್ರಸನ್ನ ನಮಗೆ ನಮಸ್ಕಾರ ಮಾಡಲಿಲ್ಲ. ಎಡಗೈಯಿಂದ "ಬನ್ನಿ, ಬನ್ನಿ, ಕ್ಯಾಮೆರಾ ನೋಡ್ಬೇಡಿ" ಎಂದು ಸನ್ನೆ ಮಾಡುತ್ತ, ಹಿಮ್ಮುಖವಾಗಿ ಮೆಟ್ಟಿಲು ಹತ್ತತೊಡಗಿದರು. ಮೊದಲ ಮಹಡಿಯಲ್ಲಿ ಯಾರದೋ ತುಳಸಿ ಕುಂಡ ಉರುಳಿಸಿದರು. ಎರಡನೆಯದರಲ್ಲಿ ಒಂದು ಜೊತೆ ಚಪ್ಪಲಿ ಒದ್ದರು. ಹಿಂದೆ ನಾನು, ನನ್ನ ಹಿಂದೆ ಜೋಳದ ಹಿಟ್ಟು ಹೊತ್ತ ನಮ್ಮ ಮನೆಯವರು.

ಬಾಗಿಲಲ್ಲಿ ಶಾರಿ ನಿಂತಿದ್ದಳು. ಕೂದಲು ಮುಂದೆ ಬೆಳ್ಳಗಾಗಿತ್ತು. ಅದನ್ನು ನಾನು ಎಣಿಸಿರಲಿಲ್ಲ. ನನ್ನ ತಲೆಯೊಳಗೆ ಅವಳು ಎಂಟು ವರ್ಷದ ಹಿಂದೆಯೇ ನಿಂತಿದ್ದಳು, ಉದ್ದ ಜಡೆ, ಬಿರುಸು ನಡಿಗೆ. ಹೊಸಿಲ ಮೇಲೆ ಏನು ಮಾತಾಡಬೇಕೆಂದು ರೈಲಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಅದೆಲ್ಲ ಬಿಟ್ಟು "ಸೊರಗೀದಿಯಲ್ಲೇ" ಎಂದೆ. ಅವಳು ನನ್ನ ಹೆಗಲಿಗೆ ತಲೆ ಇಟ್ಟಳು. ಇಬ್ಬರೂ ನಿಂತಲ್ಲೇ ಗಳಗಳ ಅತ್ತೆವು. ಚೀಲ ಕೈಬಿಟ್ಟಿದ್ದೂ ಗೊತ್ತಾಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಹಿಂದಿನಿಂದ ಒಂದು ಸಣ್ಣ 'ಪೀಂ' ಸದ್ದು, ಆಮೇಲೆ ಒಂದು ದೊಡ್ಡ "ಅಯ್ಯೋ" ಕೇಳಿತು.

ಪ್ರಸನ್ನ ಕ್ಯಾಮೆರಾದ ಪಕ್ಕದ ಬಾಗಿಲು ತೆಗೆದು ಒಳಗೆ ಬೆರಳು ಹಾಕಿ ತಡಕಾಡುತ್ತಿದ್ದರು. ಕಾರ್ಡ್ ಇರಲಿಲ್ಲ. ಹಿಂದಿನ ದಿನ ಕಂಪ್ಯೂಟರಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. ಗೇಟಿನಿಂದ ಮೂರನೆಯ ಮಹಡಿಯವರೆಗೆ ಅವರು ಖಾಲಿ ಡಬ್ಬಿ ಹಿಡಿದು ಹಿಮ್ಮುಖ ನಡೆದಿದ್ದರು.

"ಇನ್ನೊಂದು ಸಲ ಅಳಿ ಅಕ್ಕಾ, ಕಾರ್ಡ್ ಹಾಕಿರಲಿಲ್ಲ. ಗೇಟಿಂದಾನೇ ತಗೊಳೋಣ. ಬ್ಯಾಗ್ ಹಿಡ್ಕೊಂಡು ಕೆಳಗಿಳೀರಿ."

ನಾನು ಕಣ್ಣೊರೆಸಿಕೊಂಡು ತಿರುಗುವಷ್ಟರಲ್ಲಿ ನಮ್ಮ ಮನೆಯವರು ಎರಡೂ ಸೂಟ್‌ಕೇಸು ಎತ್ತಿಕೊಂಡು ಅರ್ಧ ಮಹಡಿ ಇಳಿದಿದ್ದರು. ಮದುವೆಯಾದಾಗಿನಿಂದ ಯಾರ ಮಾತನ್ನೂ ಅವರು ಇಷ್ಟು ಬೇಗ ಕೇಳಿದ್ದು ನಾನು ಕಂಡಿಲ್ಲ.

"ಮ್ಯಾಲ ಬರ್ರಿ ಮಾಮಾ, ಮೊದ್ಲು ಚಹಾ ಕುಡೀರಿ" ಎಂದು ಶಾರಿ ಗದರಿದಳು. ಅವರು ಮೇಲೆ ಬಂದು, ಎದುರು ಮನೆಯ ಬೀಗ ನೋಡಿ, "ಇವ್ರು ಎಲ್ಲಿಗೆ ಹೋಗ್ಯಾರ?" ಎಂದು ಕೇಳಿದರು.

"ಅನಸೂಯಮ್ಮನವ್ರಾ? ವರಂಗಲ್ಲಿಗೆ, ಮಗಳ ಮನಿಗೆ."

"ಭಾಳ ಚೊಲೊ ಆತು" ಎಂದರು. ಯಾಕೆಂದು ಯಾರೂ ಕೇಳಲಿಲ್ಲ.

ಸಂಜೆ ಪ್ರಸನ್ನ ಕಂಪ್ಯೂಟರಿನಿಂದ ಕಾರ್ಡ್ ತೆಗೆದು ತಂದರು. ಆದರೆ ಅದು ತುಂಬಿ ತುಳುಕುತ್ತಿತ್ತು. ಏನಿದೆ ಎಂದು ಟೀವಿಗೆ ಜೋಡಿಸಿ ತೋರಿಸಿದರು. ಅವರ ಆಫೀಸಿನಲ್ಲಿ ಯಾರೋ ಕೇಕು ಕತ್ತರಿಸಿದರು. ಇನ್ಯಾರೋ ಕೇಕು ಕತ್ತರಿಸಿದರು. ಆ ಕಂಪನಿಯಲ್ಲಿ ದಿನಕ್ಕೊಬ್ಬರು ಹುಟ್ಟುತ್ತಾರೆಂದು ಕಾಣುತ್ತದೆ. ಆಮೇಲೆ ಬಹಳ ಹೊತ್ತು ಒಂದು ಜೊತೆ ಬೂಟು ನಡೆಯಿತು. ಬಂದ್ ಮಾಡಲು ಮರೆತು ಕೈಯಲ್ಲಿ ಹಿಡಿದು ಊಟಕ್ಕೆ ಹೋಗಿದ್ದರಂತೆ. "ಇದನ್ನ ಅಳಿಸ್ರಲ್ಲ" ಎಂದೆ. "ಮೆಮೊರಿ ಅಕ್ಕಾ, ಹೇಗೆ ಅಳಿಸೋದು?" ಎಂದರು. ಆದ್ದರಿಂದ ಹೊಸ ಕಾರ್ಡ್ ಕೊಳ್ಳಬೇಕೆಂದು ತೀರ್ಮಾನವಾಯಿತು. ನಮ್ಮ ಅಳುವನ್ನು ಮುಂದೂಡಲಾಯಿತು.

ಹಿಮಾಯತ್‌ನಗರ, ಅಲ್ಲಿಂದ ಸುಲ್ತಾನ್ ಬಜಾರ್

ಮರುದಿನ ನಾಲ್ವರೂ ಹಿಮಾಯತ್‌ನಗರದ ಒಂದು ಅಂಗಡಿಗೆ ಹೋದೆವು. ಉಗುರಿಗಿಂತ ಸ್ವಲ್ಪ ದೊಡ್ಡದಾದ ಆ ಕಾರ್ಡನ್ನು ಊಟದ ತಟ್ಟೆಯಷ್ಟಗಲದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹೂತಿದ್ದರು. ಅಂಗಡಿಯವನು ಕತ್ತರಿಯಿಂದ ತೆಗೆಯಲು ನೋಡಿದ, ಆಗಲಿಲ್ಲ. ಹಲ್ಲಿನಿಂದ ಹರಿದ. ಮುಂದುವರಿದ ತಂತ್ರಜ್ಞಾನವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಇದರಾಗ ಎಷ್ಟು ಹಿಡೀತತಿ?" ಎಂದು ನಮ್ಮ ಮನೆಯವರು ಕೇಳಿದ್ದನ್ನು ಪ್ರಸನ್ನ ಹಿಂದಿಗೆ ತಿರುಗಿಸಿದರು.

"ಪೂರಾ ಶಾದಿ ಆ ಜಾತಾ ಸಾಬ್!" ಎಂದ ಅಂಗಡಿಯವನು. ಇಡೀ ಮದುವೆ ಹಿಡಿಯುತ್ತದಂತೆ.

ಮದುವೆ ಎಂಬ ಮಾತು ಬಿದ್ದದ್ದೇ ಶಾರಿ ಬ್ಯಾಟರಿಗಳ ಕಡೆ ನೋಡಿದಳು. ನಾನು ಕ್ಯಾಲ್ಕುಲೇಟರುಗಳ ಕಡೆ ನೋಡಿದೆ. ನಮ್ಮ ಮನೆಯವರು ಅಂಗಡಿಯಿಂದಲೇ ಹೊರಗೆ ಹೋದರು.

ಅಲ್ಲಿಂದ ಸುಲ್ತಾನ್ ಬಜಾರ್. ನಮ್ಮ ದುರ್ಗದಬೈಲ್ ಪೇಟೆಯ ಹಾಗೇ ಇದೆ. ಅದೇ ನೂಕಾಟ, ಅದೇ ಕೂಗಾಟ. ಆದರೆ ಹುಬ್ಬಳ್ಳಿಯ ಅಂಗಡಿಯವನು ಸೀರೆ ಬಿಚ್ಚಿಸಿ ಕೊಳ್ಳದೆ ಎದ್ದರೆ ನಮ್ಮ ಹಿಂದೆಯೇ ಗೊಣಗುತ್ತಾನೆ. ಇಲ್ಲಿಯವನು ಚಹಾ ತರಿಸುತ್ತಾನೆ. ಕುಡಿದ ಮೇಲೆ ಯಾವ ಮುಖ ಹೊತ್ತು ಏಳುವುದು? ಗೊಣಗಾಟವೇ ವಾಸಿ.

ಪ್ರಸನ್ನ ಹೊಸ ಕಾರ್ಡ್ ಹಾಕಿ ಮತ್ತೆ ಹಿಮ್ಮುಖ ನಡಿಗೆ ಶುರು ಮಾಡಿದ್ದರು. "ಇಬ್ರೂ ಕೈ ಹಿಡ್ಕೊಳಿ. ಬಳೆ ನೋಡಿ. ನಗಿ." ನಾವು ನಕ್ಕೆವು. "ಈ ಹಸರು ಬಳಿ ನಿನಗ ಒಪ್ತಾವು" ಎಂದಳು ಶಾರಿ. "ನಿನಗೂ ಒಪ್ತಾವು" ಎಂದೆ. "ಮೊದ್ಲು ನೀ ತಗೋ." "ಇಲ್ಲ, ನೀ ತಗೋ." ಚಿಕ್ಕವರಿದ್ದಾಗ ಒಂದು ಬಳೆಗಾಗಿ ಕೂದಲು ಹಿಡಿದು ಜಗ್ಗಾಡಿದವರು ನಾವು. ಈಗ ಬ್ಯಾಂಕಿನ ಕೌಂಟರಿನಲ್ಲಿ ನಿಂತ ಅಪರಿಚಿತರ ಹಾಗೆ ಮರ್ಯಾದೆ ಮಾಡುತ್ತಿದ್ದೆವು. ಬಾಗಿಲಲ್ಲಿ ಅತ್ತದ್ದು ನಿಜ. ಆದರೆ ಮದುವೆಯ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಅದು ನಮ್ಮ ನಡುವೆಯೇ, ನಮ್ಮ ಜೊತೆಯೇ, ಸುಲ್ತಾನ್ ಬಜಾರ್ ಸುತ್ತುತ್ತಿತ್ತು.

ಅಷ್ಟರಲ್ಲಿ ಪ್ರಸನ್ನ ಲಂಗಗಳ ಗಾಡಿಗೆ ಬೆನ್ನು ಕೊಟ್ಟು ಗುದ್ದಿದರು. ಬಣ್ಣಬಣ್ಣದ ಲಂಗಗಳ ರಾಶಿ ಅವರ ಮೇಲೆ ಬಿತ್ತು. "ಅಂಧಾ ಹೈ ಕ್ಯಾ ರೇ!" ಎಂದು ಗಾಡಿಯವನು ಕಿರುಚಿದ, ಕುರುಡನೇನೋ ಎಂದು. ನಾನೂ ಶಾರಿಯೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಅದೊಂದು ನಿಜವಾದ ನಗು. ಅದು ಮಾತ್ರ ರೆಕಾರ್ಡ್ ಆಗಲಿಲ್ಲ, ಕ್ಯಾಮೆರಾ ಲಂಗದೊಳಗಿತ್ತು.

ಮತ್ತೆ ತಾರ್ನಾಕ

ಮೂರನೆಯ ದಿನ ಬೆಳಿಗ್ಗೆ ಪ್ರಸನ್ನ ರಜೆ ಹಾಕಿದರು. ನಮ್ಮಿಬ್ಬರನ್ನು ಸೋಫಾದ ಮೇಲೆ ಕೂರಿಸಿ, ಕಾರ್ಡ್ ಇದೆಯೋ ಇಲ್ಲವೋ ಎಂದು ತೆಗೆದು, ನೋಡಿ, ಮತ್ತೆ ಹಾಕಿ, "ಹಾಂ, ಅಳಿ" ಎಂದರು.

ಅಳು ಬರಲಿಲ್ಲ. ಉಳ್ಳಾಗಡ್ಡಿ ತರಲೇ ಎಂದು ಅವರು ಕೇಳಿದಾಗ ಶಾರಿ ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

"ಸರಿ, ಮಾತಾದ್ರೂ ಆಡಿ. ಹಳೇದೇನಾದ್ರೂ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕಡೆಗೆ ಶಾರಿ ಬಾಯಿ ತೆರೆದಳು. "ಮಗಳ ಮದುವಿ ಹೆಂಗಾತು ಅಕ್ಕಾ?"

"ಚೊಲೊ ಆತು. ಬಂದಿದ್ರ ನೋಡ್ತಿದ್ದಿ."

"ಕರದಿದ್ರ ಬರ್ತಿದ್ದೆ."

"ಏನಂದಿ? ಮನಿತನಕ ಕಳಿಸಿ ಕರಸೀನಿ!"

"ಕೊರಿಯರಿನವನ್ನ ಕಳಿಸೋದು ಕರಿಯೂದೇನು? ಸ್ವಂತ ತಂಗಿಗೆ, ಬ್ಯಾಂಕಿನ ನೋಟಿಸ್ ಕಳಿಸಿದಂಗ?"

"ಯಾವ ಕೊರಿಯರು? ನಿನಗ ತಲಿ ನೆಟ್ಟಗೈತೇನು?"

"ಸೂಪರ್, ಸೂಪರ್, ಹಾಗೇ ಮಾತಾಡ್ತಿರಿ" ಎಂದು ಪಿಸುಗುಟ್ಟಿದರು ಪ್ರಸನ್ನ. ಶಾರಿ ಎದ್ದು ನಿಂತಿದ್ದಳು. ನಾನೂ ಎದ್ದಿದ್ದೆ. ನಮ್ಮ ಮನೆಯವರೂ ಎದ್ದಿದ್ದರು, ಚಪ್ಪಲಿ ಹುಡುಕುತ್ತ. "ನಾ ಸ್ವಲ್ಪ ಪೇಪರ್ ತರ್ತೀನಿ" ಎಂದು ಬಾಗಿಲು ತೆಗೆದರು.

ಹೊರಗೆ ಉಪ್ಪಿನಕಾಯಿ ಭರಣಿ ಹಿಡಿದು, ಬೆಲ್ ಒತ್ತಲು ಬೆರಳೆತ್ತಿದ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ವರಂಗಲ್ಲಿನಿಂದ ಆಗಷ್ಟೇ ಬಂದ ಅನಸೂಯಮ್ಮ. ನಮ್ಮ ಮನೆಯವರನ್ನು ನೋಡಿದ್ದೇ ಅವರ ಮುಖ ಅರಳಿತು.

"ಮೀರಾ! ಮೀರೇ ಕದಂಡಿ, ಆ ರೋಜು ಮಾ ಇಂಟ್ಲೋ ಪೆಸರಟ್ಟು ತಿನ್ನಾರು!"

ತೆಲುಗು ಬಾರದ ನನಗೂ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಅರ್ಥವಾಯಿತು. ನಮ್ಮ ಮನೆಯವರಿಗೆ ಎಲ್ಲವೂ ಅರ್ಥವಾದಂತಿತ್ತು. ಅವರು ಬಾಗಿಲು ಹಾಕಲು ನೋಡಿದರು, ಆದರೆ ಅನಸೂಯಮ್ಮ ಆಗಲೇ ಒಳಗೆ ಬಂದಿದ್ದರು.

ಮುಂದಿನದನ್ನು ಶಾರಿ ಕೇಳುತ್ತ ಹೋದಳು, ಅನಸೂಯಮ್ಮ ಹೇಳುತ್ತ ಹೋದರು, ಪ್ರಸನ್ನ ಒಂದು ಕಣ್ಣು ಕ್ಯಾಮೆರಾಕ್ಕೆ ಒತ್ತಿಕೊಂಡೇ ನನಗೆ ಕನ್ನಡದಲ್ಲಿ ಹೇಳಿದರು. ಎಂಟು ವರ್ಷದ ಹಿಂದೆ ಒಂದು ದಿನ ಈ ಮನೆಗೆ ಬೀಗ ಹಾಕಿತ್ತು. ಬಾಗಿಲ ಮುಂದೆ ಇವರು ಕೂತಿದ್ದರು. ಪಾಪ, ಬಿಸಿಲಲ್ಲಿ ಬಂದಿದ್ದಾರೆ ಎಂದು ಅನಸೂಯಮ್ಮ ಒಳಗೆ ಕರೆದು ಪೆಸರಟ್ಟು ಹಾಕಿಕೊಟ್ಟರು. ಯಾರು ಎಂದು ಕೇಳಿದರೆ ಇವರು ಕನ್ನಡದಲ್ಲಿ ಏನೋ ಹೇಳಿ ಗಡಿಯಾರ ತೋರಿಸಿದರು. ಕಡೆಗೆ ಮದುವೆ ಕಾರ್ಡನ್ನು ಅವರ ಕೈಗಿಟ್ಟು ಎದ್ದು ಹೋದರು. ಕೊರಿಯರಿನವರು ಇರಬೇಕೆಂದುಕೊಂಡ ಅನಸೂಯಮ್ಮ, ಶಾರಿಗೆ ಹಾಗೇ ಹೇಳಿ ಕಾರ್ಡ್ ಕೊಟ್ಟಿದ್ದರು.

ಕೊರಿಯರಿನವನನ್ನು ಒಳಗೆ ಕೂರಿಸಿ ಪೆಸರಟ್ಟು ಬಡಿಸುವ ಊರು! ನಮ್ಮಲ್ಲಾಗಿದ್ದರೆ ನೀರೂ ಕೊಡದೆ ಕಳಿಸುತ್ತಿದ್ದರು. ನಮ್ಮ ಮನೆಯವರು ಆಗಲೇ ಊರಿಗೆ ಬಂದು ಸಿಟ್ಟಿನಿಂದ ನಿಜ ಹೇಳಿಬಿಡುತ್ತಿದ್ದರು.

"ಖರೇನೇನ್ರಿ?" ಎಂದೆ.

ಅವರು ಪ್ರಸನ್ನರ ಕ್ಯಾಮೆರಾದ ಕಡೆ ನೋಡಿ, ಆಮೇಲೆ ನೆಲ ನೋಡಿದರು. "ಕಾದೆ. ಗಾಡಿ ಟೈಮ್ ಆತು. ಕರದಿಲ್ಲ ಅಂದ್ರ ನೀ ಬೈತಿದ್ದಿ."

"ಆಮ್ಯಾಲ ಯಾಕ ಹೇಳಲಿಲ್ಲ? ಆಕಿ ಬರದಾಗ?"

"ಆಮ್ಯಾಲ ಹೇಳಿದ್ರ ಇನ್ನೂ ಹೆಚ್ಚು ಬೈತಿದ್ದಿ."

ಲೆಕ್ಕ ಸರಿಯಾಗಿತ್ತು. ವರ್ಷ ಹೋದಂತೆಲ್ಲ ಬೈಗುಳ ಬೆಳೆಯುತ್ತ ಹೋಗಿ, ಹೇಳುವ ಧೈರ್ಯ ಕುಗ್ಗುತ್ತ ಹೋಗಿತ್ತು. ನಾನು ಬೈಯಲು ಬಾಯಿ ತೆರೆದೆ. ಶಾರಿ ಅಡ್ಡ ಬಂದಳು. ಅವಳ ದನಿ ಬೇರೆಯಾಗಿತ್ತು.

"ಮಾಮಾ, ಆವತ್ತು ನಾ ಸುಲ್ತಾನ್ ಬಜಾರಕ್ಕ ಹೋಗಿದ್ದೆ. ಮದುಮಗಳಿಗೆ ಸೀರಿ ತರಾಕ. ಇನ್ನೊಂದು ತಾಸು ಕುಂತಿದ್ರ ನಾನೇ ಬರ್ತಿದ್ದೆ."

ಆಮೇಲೆ ಅವಳು ನನ್ನ ಕಡೆ ತಿರುಗಿದಳು. "ನನಗ ಆಪರೇಷನ್ ಆದಾಗ ನೀ ಬಂದೇ ಬರ್ತಿ ಅಂತ ದವಾಖಾನಿ ಬಾಗಿಲ ನೋಡ್ಕೊಂಡು ಮಲಗಿದ್ದೆ ಅಕ್ಕಾ."

ಆಪರೇಷನ್ ಸುದ್ದಿ ನನಗೆ ಯಾರಿಂದಲೋ ತಡವಾಗಿ ತಿಳಿದಿತ್ತು. ಬ್ಯಾಗು ತುಂಬಿ, ಮತ್ತೆ ಬಿಚ್ಚಿಟ್ಟಿದ್ದೆ. ಅದನ್ನು ಅವಳಿಗೆ ಹೇಳಿದೆ. ಕಲ್ಯಾಣ ಮಂಟಪದ ಬಾಗಿಲು ನೋಡುತ್ತ ನಿಂತದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಇಬ್ಬರಿಗೂ ಅಳು ಬಂತು, ಮೊದಲ ದಿನಕ್ಕಿಂತ ಜೋರಾಗಿ, ಮೂಗು ಸೋರುವಂತೆ, ನಡುನಡುವೆ ಒಬ್ಬರನ್ನೊಬ್ಬರು ಬೈಯುತ್ತ. ಅನಸೂಯಮ್ಮ ಒಂದು ಅಕ್ಷರವೂ ಅರ್ಥವಾಗದೆ ನಮ್ಮ ಜೊತೆ ಅತ್ತರು. ಪ್ರಸನ್ನ ಕ್ಯಾಮೆರಾ ಮೇಜಿನ ಮೇಲಿಟ್ಟು ನೀರು ತರಲು ಓಡಿದರು. ಆ ಹೊತ್ತಿನ ವಿಡಿಯೋದಲ್ಲಿ ನಮ್ಮ ದನಿ ಇದೆ, ಚಿತ್ರ ಮಾತ್ರ ಪೂರ್ತಿ ಸೀಲಿಂಗ್ ಫ್ಯಾನಿನದು.

"ಆ ಸೀರಿ ಏನ್ ಮಾಡಿದಿ?" ಎಂದು ಕಡೆಗೆ ಕೇಳಿದೆ.

"ಉಟ್ಟು ಹರದೆ. ಎಂಟು ವರ್ಷ ಮಡಚಿ ಇಟಗೊಂಡು ಕುಂದ್ರಾಕ ನಾ ಏನು ಮ್ಯೂಸಿಯಂ ಏನು?" ಎಂದು ಮೂಗೊರೆಸಿಕೊಂಡಳು. ಆಮೇಲೆ ನಮ್ಮ ಮನೆಯವರ ಕಡೆ ನೋಡಿದಳು. "ಮಾಮಾ, ಹೊರಗ ಹೋಗ್ರಿ."

ಅವರ ಮುಖ ಬಿಳಿಚಿತು. "ಎಲ್ಲಿಗೆ?"

"ಬಾಗಲ ಹೊರಗ. ಬೆಲ್ ಒತ್ರಿ. ಒಳಗ ಬಂದು ಮಗಳ ಮದುವಿಗೆ ನನ್ನ ಕರೀರಿ."

"ಮದುವಿ ಆಗೇತಲ್ಲ ಶಾರಿ! ಮೊಮ್ಮಗ ಸಾಲಿಗೆ ಹೋಗ್ತಾನ!"

"ಅದು ನನಗ ಗೊತ್ತಿಲ್ಲ. ನನ್ನ ಇನ್ನೂ ಯಾರೂ ಕರದಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಬಾಗಿಲು ತೋರಿಸಿದೆ. ಅನಸೂಯಮ್ಮನಿಗೆ ಪ್ರಸನ್ನ ವಿಷಯ ತಿಳಿಸಿದಾಗ ಅವರು ಓಡಿಹೋಗಿ ತಮ್ಮ ದೇವರ ಮುಂದಿನ ಕುಂಕುಮದ ಬಟ್ಟಲು ತಂದು ನನ್ನ ಕೈಗಿಟ್ಟರು. ಲಗ್ನಪತ್ರಿಕೆಗೆ ಅವತ್ತಿನ ಇಂಗ್ಲಿಷ್ ಪೇಪರನ್ನು ಮಡಚಿದೆವು. ಗಂಡ ಹೆಂಡತಿ ಇಬ್ಬರೂ ಹೊರಗೆ ನಿಂತೆವು. ಅವರು ಬೆಲ್ ಒತ್ತಿದರು. ಶಾರಿ ತಕ್ಷಣ ತೆಗೆಯಲಿಲ್ಲ. ಮನೆಯಲ್ಲಿ ಏನೋ ಕೆಲಸವಿದ್ದವಳ ಹಾಗೆ ತಡಮಾಡಿ ತೆಗೆದಳು. "ಓ, ಬರ್ರಿ ಬರ್ರಿ, ಕುಂದರ್ರಿ" ಎಂದಳು. ಕುಳಿತೆವು. ಚಹಾ ಬಂತು. ನಾನು ಅವಳ ಹಣೆಗೆ ಕುಂಕುಮ ಹಚ್ಚಿದೆ.

ನಮ್ಮ ಮನೆಯವರು ಎದ್ದು ನಿಂತು, ಪೇಪರನ್ನು ಎರಡೂ ಕೈಯಲ್ಲಿ ಹಿಡಿದರು. "ಶಾರವ್ವಾ, ಮಗಳ ಮದುವಿ ಐತಿ. ನೀ ಬರದಿದ್ರ..." ಎಂದು ಅಲ್ಲಿಗೇ ನಿಂತರು. ಪೇಪರಿನ ಮಡಿಕೆ ಸರಿಮಾಡಿದರು. "ನೀ ಬರದಿದ್ರ ಆಗೂದಿಲ್ಲ. ಮನಿಮಂದಿ ಎಲ್ಲಾ ಬರಬೇಕು. ತಪ್ಪಿಸಬ್ಯಾಡ್ರಿ."

ಕ್ಯಾಮೆರಾದ ಹಿಂದೆ ಪ್ರಸನ್ನ ನಗು ತಡೆಯಲಾರದೆ ಅಲುಗಾಡುತ್ತಿದ್ದರು. ಆ ಭಾಗ ಪೂರ್ತಿ ಭೂಕಂಪ ಆದ ಹಾಗೆ ಬಂದಿದೆ. ಶಾರಿ ಮಾತ್ರ ನಗಲಿಲ್ಲ. ಪೇಪರ್ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ತಾರೀಖು ಯಾವುದೆಂದು ಕೇಳಿದಳು. ಅವರು ತಡವರಿಸದೆ ಎಂಟು ವರ್ಷದ ಹಿಂದಿನ ಆ ದಿನವನ್ನೇ ಹೇಳಿದರು, ವಾರದ ಸಮೇತ.

ಶಾರಿ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ, ಒಂದು ಗಳಿಗೆ ಯೋಚಿಸಿದಳು.

"ಅವತ್ತು ನಂದೊಂದು ಸಣ್ಣ ಕೆಲಸ ಐತ್ರಿ ಮಾಮಾ. ನೋಡ್ತೀನಿ, ಆದ್ರ ಬರ್ತೀನಿ."